ಗ್ರೀಸ್ ಹಚ್ಚಿದರೆ ಬೋಲ್ಟು ಸಡಿಲವಾಗುತ್ತದೆಯೇ?

ಸೈಕಲ್ ಜೋಡಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸೈಕಲ್ಲಿನ ನಟ್ಟು, ಬೋಲ್ಟು, ಕಡ್ಡಿ, ಪೆಡಲ್‌ಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೇಳಿದವರು ಬೇರೆ ಬೇರೆ ಊರಿನವರಾದರೂ ಅನುಮಾನ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಮೊದಲ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ. ಉಳಿದ ಉತ್ತರಗಳು ಅದನ್ನೇ ಆಧರಿಸಿವೆ.

ಪ್ರಶ್ನೆ: ಮಗಳಿಗಾಗಿ ತರಿಸಿದ ಗೇರ್ ಸೈಕಲ್ ರಟ್ಟಿನ ಪೆಟ್ಟಿಗೆಯಲ್ಲಿ ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಬಂದಿದೆ. ಹ್ಯಾಂಡಲ್, ಮುಂದಿನ ಚಕ್ರ, ಸೀಟು, ಪೆಡಲ್‌ಗಳನ್ನು ನಾವೇ ಕೂಡಿಸಬೇಕು. ಥ್ರೆಡ್‌ಗಳಿಗೆ, ಅಂದರೆ ಬೋಲ್ಟಿನ ಸುರುಳಿ ಎಳೆಗಳಿಗೆ, ಗ್ರೀಸ್ ಹಚ್ಚಬೇಕೆಂದು ಕೈಪಿಡಿಯಲ್ಲಿದೆ. ಜಾರುವ ವಸ್ತುವನ್ನು ಹಚ್ಚಿದರೆ ಬೋಲ್ಟುಗಳು ಓಡಾಟದಲ್ಲಿ ತಾವಾಗಿಯೇ ಬಿಚ್ಚಿಕೊಳ್ಳುವುದಿಲ್ಲವೇ? (ದಾವಣಗೆರೆ)

ಉತ್ತರ: ಬಿಚ್ಚಿಕೊಳ್ಳುವುದಿಲ್ಲ. ಸರಿಯಾಗಿ ಬಿಗಿಮಾಡಿದ್ದರೆ, ಗ್ರೀಸ್ ಹಚ್ಚಿದ ಬೋಲ್ಟೇ ಒಣ ಬೋಲ್ಟಿಗಿಂತ ಭದ್ರವಾಗಿ ನಿಲ್ಲುತ್ತದೆ. ಥ್ರೆಡ್ ಒರಟಾಗಿದ್ದಷ್ಟೂ ಬೋಲ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಬೇರೂರಿದೆ. ಆದರೆ ಬೋಲ್ಟಿಗೆ ಹಿಡಿತ ಬರುವುದು ಅದರೊಳಗಿನ ಸೆಳೆತದಿಂದ. ಬಿಗಿಮಾಡಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಎಳೆದುಬಿಟ್ಟ ಸ್ಪ್ರಿಂಗಿನ ಹಾಗೆ ಮರಳಿ ಕುಗ್ಗಲು ಹವಣಿಸುತ್ತದೆ, ಆ ಹವಣಿಕೆಯಲ್ಲಿ ತನ್ನ ತಲೆಗೂ ಥ್ರೆಡ್‌ಗೂ ನಡುವೆ ಇರುವ ಭಾಗಗಳನ್ನು ಅವುಚಿ ಹಿಡಿದುಕೊಳ್ಳುತ್ತದೆ.

ಬೋಲ್ಟು ತಿರುಗಿಸುವ ಕೀಲಿಯ ಮೇಲೆ ನೀವು ಹಾಕುವ ಬಲವೆಲ್ಲ ಈ ಸೆಳೆತಕ್ಕೆ ಸಲ್ಲುವುದಿಲ್ಲ. ಸುಮಾರು ಅರ್ಧದಷ್ಟು ಬೋಲ್ಟಿನ ತಲೆಯ ಅಡಿಯ ತಿಕ್ಕಾಟದಲ್ಲಿ, ಸುಮಾರು ನೂರಕ್ಕೆ 40ರಷ್ಟು ಥ್ರೆಡ್‌ಗಳ ತಿಕ್ಕಾಟದಲ್ಲಿ ಕಳೆದುಹೋಗುತ್ತದೆ. ಬೋಲ್ಟನ್ನು ಎಳೆಯುವ ಕೆಲಸಕ್ಕೆ ಉಳಿಯುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಥ್ರೆಡ್ ಒಣಗಿದ್ದರೆ, ಅದರಲ್ಲಿ ದೂಳೋ ಬಣ್ಣದ ಚೂರೋ ಇದ್ದರೆ, ಆ ಒಂದು ಪಾಲೂ ಸವೆಯುತ್ತದೆ. ಕೈಗೆ ಬಹಳ ಬಿಗಿಯಾಯಿತು ಎನ್ನಿಸುತ್ತದೆ, ಕಿರ್ರೆಂದು ಸದ್ದೂ ಬರುತ್ತದೆ, ಆದರೆ ಬೋಲ್ಟಿನೊಳಗೆ ಸಾಕಷ್ಟು ಸೆಳೆತ ಹುಟ್ಟಿರುವುದಿಲ್ಲ. ಅಂಥ ಬೋಲ್ಟೇ ಹತ್ತು ದಿನಗಳ ಓಡಾಟದಲ್ಲಿ ಸಡಿಲವಾಗುವುದು.

ಅಂಕಿಗಳಲ್ಲಿ ಹೇಳುವುದಾದರೆ, ಹ್ಯಾಂಡಲನ್ನು ಹಿಡಿಯುವ 5 ಮಿಲಿಮೀಟರ್ ದಪ್ಪದ ಬೋಲ್ಟೊಂದನ್ನು 5 ನ್ಯೂಟನ್ ಮೀಟರಿನಷ್ಟು, ಅಂದರೆ 10 ಸೆಂಟಿಮೀಟರ್ ಉದ್ದದ ಕೀಲಿಯ ತುದಿಯಲ್ಲಿ 5 ಕಿಲೋ ತೂಗಿಬಿಟ್ಟಷ್ಟು ಬಲದಲ್ಲಿ ತಿರುಗಿಸಿದರೆ, ಒಣ ಥ್ರೆಡ್‌ನಲ್ಲಿ ಸುಮಾರು 500 ಕಿಲೋ ಭಾರಕ್ಕೆ ಸಮನಾದ ಸೆಳೆತ ಹುಟ್ಟುತ್ತದೆ. ಜೋಳದ ಐದು ಚೀಲಗಳನ್ನು ಆ ಪುಟ್ಟ ಬೋಲ್ಟಿಗೆ ನೇತುಹಾಕಿದ ಹಾಗೆ. ಅದೇ ಬಲದಲ್ಲಿ ಗ್ರೀಸ್ ಹಚ್ಚಿದ ಬೋಲ್ಟಿನ ಸೆಳೆತ ಸುಮಾರು ಮೂರನೆಯ ಒಂದು ಭಾಗ ಹೆಚ್ಚುತ್ತದೆ. ಆದ್ದರಿಂದಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಗ್ರೀಸ್ ಹಚ್ಚಿದ ಸಣ್ಣ ಬೋಲ್ಟನ್ನು ಒಣ ಬೋಲ್ಟಿನ ಅಭ್ಯಾಸದಲ್ಲಿ ಉಸಿರು ಬಿಗಿಹಿಡಿದು ತಿರುಗಿಸಬೇಡಿ, ತುಂಡಾದೀತು. ಕೈಪಿಡಿಯಲ್ಲಿ ಕೊಟ್ಟ ಅಂಕಿಯನ್ನು ಮೀರಬೇಡಿ. ಟಾರ್ಕ್, ಅಂದರೆ ತಿರುಗಿಸುವ ಬಲ, ತೋರಿಸುವ ಸ್ಪ್ಯಾನರ್ ಇಲ್ಲದಿದ್ದರೆ ಸೈಕಲ್ಲಿನ ಜೊತೆಗೆ ಬಂದ ಗಿಡ್ಡ ಅಲೆನ್ ಕೀಲಿಯನ್ನೇ ಬಳಸಿ, ಅದಕ್ಕೆ ಪೈಪು ಸಿಕ್ಕಿಸಿ ಉದ್ದ ಮಾಡಬೇಡಿ.

ಗ್ರೀಸ್ ಎಷ್ಟು ಬೇಕು ಎಂದರೆ, ಥ್ರೆಡ್‌ನ ತಗ್ಗುಗಳು ತುಂಬಿ ಮೇಲ್ಭಾಗ ತೆಳುವಾಗಿ ಹೊಳೆದರೆ ಸಾಕು. ಬೋಲ್ಟಿನ ತಲೆಯ ಅಡಿಗೂ ಬೆರಳಿನಿಂದ ಒಮ್ಮೆ ಸವರಿ. ಅರ್ಧದಷ್ಟು ಬಲ ಕಳೆದುಹೋಗುವ ಜಾಗ ಅದು, ಆದರೂ ಅದನ್ನು ಎಲ್ಲರೂ ಮರೆಯುತ್ತಾರೆ. ಹ್ಯಾಂಡಲಿನ ಮುಂದಿನ ಹಿಡಿಕೆಗೆ ನಾಲ್ಕು ಬೋಲ್ಟುಗಳಿದ್ದರೆ ಒಂದನ್ನೇ ಕೊನೆಯವರೆಗೂ ಬಿಗಿಮಾಡದೆ, ಮೂಲೆಯಿಂದ ಎದುರು ಮೂಲೆಗೆ ಕಾಲು ಸುತ್ತಿನಂತೆ ತಿರುಗಿಸುತ್ತ ಹೋಗಿ, ಮೇಲಿನ ಸಂದೂ ಕೆಳಗಿನ ಸಂದೂ ಒಂದೇ ಅಗಲಕ್ಕೆ ಬಂದಿವೆಯೇ ಎಂದು ನೋಡಿ.

ಗ್ರೀಸ್ ತಾಗಲೇಬಾರದ ಜಾಗಗಳೂ ಇವೆ. ಬ್ರೇಕಿನ ರಬ್ಬರು, ರಿಮ್ಮಿನ ಪಕ್ಕೆ, ಡಿಸ್ಕಿನ ಮೈ ಇವುಗಳಿಗೆ ಸ್ವಲ್ಪ ತಾಗಿದರೂ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ಗ್ರೀಸ್ ಕೆಲಸ ಮುಗಿಸಿ ಕೈ ತೊಳೆದ ಮೇಲೆಯೇ ಬ್ರೇಕಿನ ಕೆಲಸಕ್ಕೆ ಕೈಹಾಕಿ. ಥ್ರೆಡ್‌ನ ಮೇಲೆ ಮೊದಲೇ ನೀಲಿಯದೋ ಬೇರೆ ಬಣ್ಣದ್ದೋ ಒಣ ಲೇಪ ಹಚ್ಚಿ ಬಂದ ಬೋಲ್ಟಿದ್ದರೆ ಅದಕ್ಕೂ ಗ್ರೀಸ್ ಬೇಡ. ಅದರ ಕಾರಣವನ್ನು ಮುಂದೆ ಇನ್ನೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ವಿವರಿಸಿದ್ದೇನೆ.

ಪ್ರಶ್ನೆ: ನನ್ನ ಸೈಕಲ್ಲಿನ ಎಡಗಡೆಯ ಪೆಡಲ್ ಎಷ್ಟು ಬಿಗಿಮಾಡಿದರೂ ಕಳಚಿ ಬೀಳುತ್ತದೆ. ಬಲಗಡೆಯದಕ್ಕೆ ಆ ತೊಂದರೆಯಿಲ್ಲ. ಎಡ ಪೆಡಲ್ ಉಲ್ಟಾ ತಿರುಗುತ್ತದೆ ಎನ್ನುತ್ತಾರೆ, ಹಾಗೇಕೆ? (ಧಾರವಾಡ)

ಉತ್ತರ: ಶಂಖಗಳಲ್ಲಿ ಎಡಮುರಿ, ಬಲಮುರಿ ಎಂದು ಎರಡು ಬಗೆ ಇರುವಂತೆ ಪೆಡಲ್‌ಗಳಲ್ಲೂ ಎರಡು ಬಗೆಯುಂಟು. ಬಲ ಪೆಡಲನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ, ಎಡ ಪೆಡಲನ್ನು ಅದಕ್ಕೆ ವಿರುದ್ಧವಾಗಿ ತಿರುಗಿಸಬೇಕು. ಪೆಡಲ್‌ನ ದಂಡದ ಕೊನೆಯಲ್ಲಿ ಸಾಮಾನ್ಯವಾಗಿ ಎಲ್ ಮತ್ತು ಆರ್ ಅಕ್ಷರಗಳ ಗುರುತು ಇರುತ್ತದೆ.

ಹೀಗೆ ಮಾಡಿರುವುದಕ್ಕೆ ಕಾರಣ ನಮ್ಮ ಒರಳುಕಲ್ಲಿನಲ್ಲೇ ಕಾಣುತ್ತದೆ. ಒರಳಿನ ಗುಳಿಯ ಅಂಚಿಗೆ ಗುಂಡನ್ನು ಒತ್ತಿಕೊಂಡು ಗಡಿಯಾರದ ದಿಕ್ಕಿನಲ್ಲಿ ಸುತ್ತಿಸುತ್ತ, ಅಂಗೈಯ ಹಿಡಿತವನ್ನು ಸ್ವಲ್ಪ ಸಡಿಲಿಸಿ ನೋಡಿ. ಗುಂಡು ಗುಳಿಯನ್ನು ಒಂದು ದಿಕ್ಕಿನಲ್ಲಿ ಸುತ್ತುತ್ತಿದ್ದರೂ ತನ್ನಷ್ಟಕ್ಕೆ ತಾನು ವಿರುದ್ಧ ದಿಕ್ಕಿನಲ್ಲಿ ಉರುಳುತ್ತದೆ. ಪೆಡಲ್‌ನ ದಂಡ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ರಂಧ್ರಕ್ಕಿಂತ ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ, ನಿಮ್ಮ ಕಾಲಿನ ಭಾರ ಅದನ್ನು ರಂಧ್ರದ ಒಂದು ಪಕ್ಕಕ್ಕೆ ಒತ್ತುತ್ತದೆ. ಭಾರ ಯಾವಾಗಲೂ ಕೆಳಮುಖವಾಗಿದ್ದು ಕ್ರ್ಯಾಂಕು ಮಾತ್ರ ತಿರುಗುವುದರಿಂದ, ಒತ್ತಿದ ಆ ಜಾಗ ರಂಧ್ರದ ಒಳಸುತ್ತಿನಲ್ಲಿ ಪ್ರತಿ ತುಳಿತಕ್ಕೂ ಒಂದು ಸುತ್ತು ಬರುತ್ತದೆ, ದಂಡ ಒರಳಿನ ಗುಂಡಿನಂತೆ ಅದಕ್ಕೆ ವಿರುದ್ಧವಾಗಿ ತಿರುಗಲು ನೋಡುತ್ತದೆ. ಬಲಗಡೆ ಬಲಮುರಿಯನ್ನೂ ಎಡಗಡೆ ಎಡಮುರಿಯನ್ನೂ ಇಟ್ಟರೆ ಈ ಉರುಳಾಟ ಎರಡೂ ಕಡೆ ಪೆಡಲನ್ನು ಬಿಗಿಯ ಕಡೆಗೇ ತಳ್ಳುತ್ತದೆ. ಒಳಗಿನ ಬಾಲ್ಸುಗಳ ಎಳೆತ ಇದಕ್ಕೆ ವಿರುದ್ಧವಾಗಿದ್ದರೂ ಬಹಳ ಚಿಕ್ಕದು. ಆದರೆ ಪೆಡಲ್ ತುಕ್ಕು ಹಿಡಿದು ತನ್ನ ದಂಡದ ಮೇಲೆ ತಿರುಗದಂತಾದರೆ ಆ ಎಳೆತವೇ ಗೆದ್ದು, ಪೆಡಲನ್ನು ಕ್ರ್ಯಾಂಕಿನಿಂದ ಬಿಚ್ಚಿಹಾಕುತ್ತದೆ. ನಿಮ್ಮ ಪೆಡಲ್ ಬೆರಳಿನಿಂದ ತಳ್ಳಿದರೆ ಸರಾಗವಾಗಿ ಸುತ್ತುತ್ತದೆಯೇ ಎಂಬುದನ್ನು ಮೊದಲು ನೋಡಿ.

ಅದು ಸರಿಯಿದ್ದರೆ ನನ್ನ ಅನುಮಾನ ಥ್ರೆಡ್‌ನ ಮೇಲೆ. ಯಾರೋ ಒಮ್ಮೆ ಎಡ ಪೆಡಲನ್ನು ಬಲಮುರಿಯೆಂದು ತಿಳಿದು ಬಲವಂತವಾಗಿ ತಿರುಗಿಸಿರಬೇಕು. ಹದಿಮೂರನೆಯ ವಯಸ್ಸಿನಲ್ಲಿ ನಾನೇ ಇದನ್ನು ಮಾಡಿದ್ದೇನೆ. ಪೆಡಲ್‌ನ ದಂಡ ಗಟ್ಟಿ ಉಕ್ಕು, ಕ್ರ್ಯಾಂಕು ಮೆತ್ತನೆಯ ಅಲ್ಯೂಮಿನಿಯಂ. ಒಂದೂವರೆ ಸುತ್ತಿನಲ್ಲಿ ಸುರುಳಿಸುರುಳಿಯಾಗಿ ಬೆಳ್ಳಿಬಣ್ಣದ ಎಳೆಯೊಂದು ರಂಧ್ರದಿಂದ ಹೊರಗೆ ಬಂತು. ಅದು ಕಸವಲ್ಲ, ಕ್ರ್ಯಾಂಕಿನ ಥ್ರೆಡ್ಡೇ ಎಂದು ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿತ್ತು. ಅಪ್ಪ ಏನೂ ಹೇಳಲಿಲ್ಲ. ಆದರೆ ಹೊಸ ಕ್ರ್ಯಾಂಕು ಬರುವವರೆಗೆ ಮೂರು ವಾರ ಶಾಲೆಗೆ ನಡೆದೇ ಹೋದೆ.

ಪೆಡಲ್‌ನ ಥ್ರೆಡ್ ಸಾಮಾನ್ಯವಾಗಿ ಇಂಚಿನ ಹದಿನಾರರಲ್ಲಿ ಒಂಬತ್ತು ಭಾಗದಷ್ಟು ದಪ್ಪ, ಇಂಚಿಗೆ 20 ಎಳೆ. ಮಕ್ಕಳ ಕೆಲವು ಸೈಕಲ್‌ಗಳಲ್ಲಿ ಅರ್ಧ ಇಂಚು ದಪ್ಪವಿರುತ್ತದೆ. ಥ್ರೆಡ್‌ಗೆ ಗ್ರೀಸ್ ಹಚ್ಚಿ, ರಂಧ್ರಕ್ಕೆ ನೇರವಾಗಿ ಹಿಡಿದು, ಮೊದಲು ಬಿಚ್ಚುವ ದಿಕ್ಕಿಗೇ ಮೆಲ್ಲನೆ ತಿರುಗಿಸಿ. ಪೆಡಲಿನ ಎಳೆಯ ತುದಿ ಕ್ರ್ಯಾಂಕಿನ ಎಳೆಯ ತುದಿಯಿಂದ ಇಳಿದಾಗ ಬೆರಳಿಗೆ ಟಕ್ಕೆಂದು ತಿಳಿಯುತ್ತದೆ. ಅಲ್ಲಿಂದ ದಿಕ್ಕು ಬದಲಿಸಿ ಐದಾರು ಸುತ್ತನ್ನು ಬರಿಯ ಬೆರಳುಗಳಿಂದಲೇ ತಿರುಗಿಸಿ, ಬೆರಳಿಗೆ ಬರದಿದ್ದರೆ ಸ್ಪ್ಯಾನರ್ ಹಾಕದೆ ಬಿಚ್ಚಿ ಮತ್ತೆ ಹಿಡಿಯಿರಿ. ಕೊನೆಯ ಬಿಗಿ 35ರಿಂದ 40 ನ್ಯೂಟನ್ ಮೀಟರ್, ಅಂದರೆ ಒಂದಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹನ್ನೆರಡು ಹದಿಮೂರು ಕಿಲೋ ಒತ್ತಿದಷ್ಟು. ದಿಕ್ಕು ನೆನಪಿಡಲು ಒಂದು ಸುಲಭದ ದಾರಿಯಿದೆ. ಸ್ಪ್ಯಾನರನ್ನು ಮೇಲ್ಮುಖವಾಗಿ ನಿಲ್ಲಿಸಿದಾಗ, ಎರಡೂ ಕಡೆ ಅದನ್ನು ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಗಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಸಡಿಲ.

ಥ್ರೆಡ್ ಈಗಾಗಲೇ ಹೋಗಿದ್ದರೆ ಗ್ರೀಸೂ ಅಂಟೂ ಅದನ್ನು ಉಳಿಸಲಾರವು. ರಂಧ್ರವನ್ನು ದೊಡ್ಡದು ಮಾಡಿ ಒಳಗೆ ಉಕ್ಕಿನ ಬುಷ್ ಕೂರಿಸುವವರು ಸಿಕ್ಕರೆ ಹಾಗೆ ಮಾಡಿಸಿ, ಇಲ್ಲವಾದರೆ ಎಡಗಡೆಯ ಕ್ರ್ಯಾಂಕನ್ನು ಮಾತ್ರ ಬದಲಿಸಿ.

ಪ್ರಶ್ನೆ: ಹಿಂದಿನ ಚಕ್ರದ ಫ್ರೀವೀಲ್ (ಚೈನು ಕೂರುವ ಹಲ್ಲುಚಕ್ರ) ಬಿಚ್ಚಲು ಹೋಗಿ, ಟೂಲ್ ಕೂರುವ ಅದರ ಕಚ್ಚುಗಳೇ ಮುರಿದುಹೋದವು. ಅಷ್ಟೊಂದು ಬಿಗಿಯಾಗಲು ಕಾರಣವೇನು? (ತುಮಕೂರು)

ಉತ್ತರ: ನೀವು ತುಳಿದಷ್ಟೂ ಫ್ರೀವೀಲ್ ತನ್ನ ಥ್ರೆಡ್‌ನ ಮೇಲೆ ಬಿಗಿಯಾಗುತ್ತಲೇ ಹೋಗುತ್ತದೆ. ಆದ್ದರಿಂದ ಅದು ಸಡಿಲವಾಗುವ ಭಯವೇ ಇಲ್ಲ, ಬಿಚ್ಚುವಾಗಿನ ಕಷ್ಟ ಮಾತ್ರ ಇದೆ. ಕೂರಿಸುವಾಗ ಥ್ರೆಡ್‌ಗೆ ಧಾರಾಳವಾಗಿ ಗ್ರೀಸ್ ಹಚ್ಚಿದ್ದರೆ ವರ್ಷಗಳ ನಂತರವೂ ಬರುತ್ತದೆ. ಮುಂದಿನ ಸಲ ಬಿಚ್ಚುವ ಟೂಲನ್ನು ಕಚ್ಚುಗಳಿಗೆ ಕೂರಿಸಿ ಆಕ್ಸಲಿನ ನಟ್ಟಿನಿಂದ ಒತ್ತಿಹಿಡಿಸಿ. ಟೂಲನ್ನು ವೈಸಿನಲ್ಲಿ ಸಿಕ್ಕಿಸಿ ಚಕ್ರವನ್ನೇ ಸ್ಟಿಯರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ. ಮೊದಲ ಸಡಿಲು ಸಿಕ್ಕ ಕೂಡಲೇ ನಟ್ಟನ್ನು ಸ್ವಲ್ಪ ಹಿಂದಕ್ಕೆ ಬಿಡುವುದನ್ನು ಮರೆಯಬೇಡಿ.

ಪ್ರಶ್ನೆ: ಎಸ್ಟೇಟಿನ ದಾರಿಯಲ್ಲಿ ದಿನವೂ ಓಡಾಡುತ್ತೇನೆ. ಕ್ಯಾರಿಯರ್ ಮತ್ತು ಮಡ್‌ಗಾರ್ಡಿನ ಬೋಲ್ಟುಗಳು ತಿಂಗಳಿಗೊಮ್ಮೆ ಉದುರುತ್ತವೆ. ಸ್ಪ್ರಿಂಗ್ ವಾಷರ್ ಹಾಕಿದೆ, ಉಪಯೋಗವಾಗಲಿಲ್ಲ. ಒಬ್ಬರು ಉಗುರುಬಣ್ಣ ಹಚ್ಚಿ ಎನ್ನುತ್ತಾರೆ, ಇನ್ನೊಬ್ಬರು ಬೋಲ್ಟಿಗೆ ಹಾಕುವ ಕೆಂಪು ಅಂಟು ತನ್ನಿ ಎನ್ನುತ್ತಾರೆ. (ಚಿಕ್ಕಮಗಳೂರು)

ಉತ್ತರ: ಮೊದಲ ಉತ್ತರದಲ್ಲಿ ಹೇಳಿದ ಸೆಳೆತದ ನಿಯಮಕ್ಕೆ ನಿಮ್ಮದು ನಿಜವಾದ ಅಪವಾದ. ಕ್ಯಾರಿಯರಿನ ಕಾಲು ತೆಳ್ಳನೆಯ ತಗಡು, ಬೋಲ್ಟು ಗಿಡ್ಡ, ಅದು ಹೊಕ್ಕ ಫ್ರೇಮಿನ ಕಿವಿಯೂ ಚಿಕ್ಕದು. ಆದ್ದರಿಂದ ಬೇಕಾದಷ್ಟು ಸೆಳೆತ ಅಲ್ಲಿ ಹುಟ್ಟುವುದೇ ಇಲ್ಲ. ಮೇಲೆ ಭಾರವಿಟ್ಟು ಕಲ್ಲುದಾರಿಯಲ್ಲಿ ಹೋದಾಗ ಕಾಲು ಬೋಲ್ಟಿನ ಅಡ್ಡಕ್ಕೆ ಅತ್ತಿತ್ತ ಜಾರುತ್ತದೆ. ಬೋಲ್ಟನ್ನು ಬಿಚ್ಚುವುದು ಈ ಅಡ್ಡ ಜಾರಾಟವೇ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಜಂಕರ್ ಎಂಬ ಎಂಜಿನಿಯರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅವರ ಹೆಸರಿನ ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಸ್ಪ್ರಿಂಗ್ ವಾಷರ್ ಆ ಬಗೆಯ ಪರೀಕ್ಷೆಯಲ್ಲಿ ಹೆಚ್ಚೇನೂ ತಡೆಯುವುದಿಲ್ಲ. ಆದ್ದರಿಂದ ನಿಮ್ಮ ಅನುಭವ ಸರಿಯಾಗಿಯೇ ಇದೆ.

ಇಲ್ಲಿ ಬೇಕಾದದ್ದು ಥ್ರೆಡ್‌ಲಾಕರ್ ಎಂಬ ದ್ರವ. ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ಇದನ್ನು ರೂಪಿಸಿದರು, ಅದೇ ಮುಂದೆ ಲಾಕ್‌ಟೈಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗಾಳಿ ತಾಗುತ್ತಿರುವವರೆಗೆ ಇದು ದ್ರವವಾಗಿಯೇ ಇರುತ್ತದೆ. ಲೋಹದ ಎರಡು ಮೈಗಳ ನಡುವೆ ಸಿಕ್ಕಿ ಗಾಳಿ ತಪ್ಪಿದಾಗ ಗಟ್ಟಿಯಾಗುತ್ತದೆ. ಹೊಸ ಬಾಟಲಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಅದು ಪೂರ್ತಿ ತುಂಬಿಲ್ಲವೆಂದು ತಿಳಿಯುತ್ತದೆ. ಅಂಗಡಿಯವರು ಕಡಿಮೆ ಕೊಟ್ಟರೆಂದುಕೊಳ್ಳಬೇಡಿ, ಒಳಗೆ ಗಾಳಿ ಇರಲೆಂದೇ ಹಾಗೆ ತುಂಬಿರುತ್ತಾರೆ.

ನೀವು ನೀಲಿಯದನ್ನು ತನ್ನಿ. ಅದು ಮಧ್ಯಮ ಬಲದ್ದು, ಸಾಮಾನ್ಯ ಸ್ಪ್ಯಾನರಿನಿಂದ ಬಿಚ್ಚಬಹುದು. ಕೆಂಪನ್ನು ಬಿಚ್ಚಬೇಕಾದರೆ ಸುಮಾರು 250 ಡಿಗ್ರಿಯವರೆಗೆ ಕಾಯಿಸಬೇಕಾಗುತ್ತದೆ. ಆ ಶಾಖದಲ್ಲಿ ಫ್ರೇಮಿನ ಬಣ್ಣ ಸುಟ್ಟುಹೋಗುತ್ತದೆ, ಸೈಕಲ್ಲಿನಲ್ಲಿ ಅದಕ್ಕೆ ಕೆಲಸವಿಲ್ಲ. ಹಚ್ಚುವ ಮೊದಲು ಬೋಲ್ಟಿನ ಥ್ರೆಡ್ಡನ್ನೂ ಫ್ರೇಮಿನ ಥ್ರೆಡ್ಡನ್ನೂ ಪೆಟ್ರೋಲಿನಲ್ಲೋ ಥಿನ್ನರಿನಲ್ಲೋ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಆರಲು ಬಿಡಿ. ಎಣ್ಣೆಯ ಪಸೆಯಿದ್ದರೆ ಅಂಟು ಹಿಡಿಯುವುದಿಲ್ಲ. ಒಣ ಲೇಪವಿರುವ ಬೋಲ್ಟಿಗೆ ಗ್ರೀಸ್ ಬೇಡವೆಂದು ಮೊದಲ ಉತ್ತರದಲ್ಲಿ ಹೇಳಿದ್ದೂ ಇದಕ್ಕಾಗಿಯೇ. ಒಂದೇ ಒಂದು ಹನಿ ಸಾಕು. ಗ್ರೀಸ್ ಬೇಡ, ಏಕೆಂದರೆ ಹಸಿಯಾಗಿರುವಾಗ ಈ ದ್ರವವೇ ಗ್ರೀಸಿನಂತೆ ಥ್ರೆಡ್ಡನ್ನು ಜಾರಿಸುತ್ತದೆ. ಬಿಗಿಮಾಡಿದ ಮೇಲೆ ಒಂದು ದಿನ ಸೈಕಲ್ ಹೊರಗೆ ತೆಗೆಯಬೇಡಿ. ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರಿಯುತ್ತದೆ. ಬೋಲ್ಟು ಆರಪಾರಾಗಿ ಹೊರಬರುವ ಕಡೆ, ಒಳಗೆ ನೈಲಾನ್ ಬಳೆಯಿರುವ ನಟ್ಟನ್ನು ಹಾಕಿದರೆ ಅಂಟಿನ ಅಗತ್ಯವೇ ಇಲ್ಲ.

ಉಗುರುಬಣ್ಣದ ಸಲಹೆಯನ್ನು ನಾನು ತಳ್ಳಿಹಾಕುವುದಿಲ್ಲ, ಬೇರೊಂದು ಕೆಲಸಕ್ಕೆ ಅದು ಬಹಳ ಒಳ್ಳೆಯದು. ಬೋಲ್ಟು ಬಿಗಿಯಾದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆಯಿರಿ. ಗೆರೆ ಎಂದು ಮುರಿದು ಎರಡಾಗಿ ಕಾಣುತ್ತದೋ ಅಂದು ಬೋಲ್ಟು ಜರುಗಿದೆ ಎಂದರ್ಥ. ಬೆಳಿಗ್ಗೆ ಸೈಕಲ್ ಹೊರಗೆ ತೆಗೆಯುವಾಗ ಒಂದು ನೋಟ ಹರಿಸಿದರೆ ಸಾಕು.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ. ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲ ಬೋಲ್ಟುಗಳೂ ತುಕ್ಕು ಹಿಡಿದಿರುತ್ತವೆ. ಈ ವರ್ಷ ಸೀಟಿನ ಕಂಬವೂ ಫ್ರೇಮಿನೊಳಗೆ ಅಂಟಿಕೊಂಡಿದೆ. ಮನೆಯಲ್ಲಿ ತೆಂಗಿನೆಣ್ಣೆ ಧಾರಾಳವಾಗಿದೆ, ಅದನ್ನೇ ಹಚ್ಚಬಹುದೇ? (ಉಡುಪಿ)

ಉತ್ತರ: ತುರ್ತಿಗೆ ಒಂದು ದಿನದ ಮಟ್ಟಿಗೆ ಸರಿ, ಜೋಡಣೆಗೆ ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅದಕ್ಕಿಂತ ಮೇಲೆ ನೀರಿನಂತೆ ಹರಿದುಹೋಗುತ್ತದೆ. ಹಳೆಯದಾದರೆ ಕನರುತ್ತದೆ, ದೂಳನ್ನು ಸೇರಿಸಿಕೊಂಡು ಜಿಗುಟಾಗುತ್ತದೆ. ಗ್ರೀಸ್ ಎಂದರೆ ಸಾಬೂನಿನ ಬಲೆಯಲ್ಲಿ ಹಿಡಿದಿಟ್ಟ ಎಣ್ಣೆ. ಆ ಬಲೆಯಿಂದಾಗಿಯೇ ಅದು ಹಚ್ಚಿದ ಜಾಗದಲ್ಲಿ ಉಳಿದು ನೀರನ್ನು ಹೊರಗೆ ತಡೆಯುತ್ತದೆ. ಸಾಮಾನ್ಯ ಲಿಥಿಯಂ ಗ್ರೀಸ್ ಸಾಕು, ಕ್ಯಾಲ್ಸಿಯಂ ಗ್ರೀಸ್ ಸಿಕ್ಕರೆ ನೀರಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ.

ನಿಮ್ಮ ಸೀಟಿನ ಕಂಬ ಅಲ್ಯೂಮಿನಿಯಂ, ಫ್ರೇಮು ಉಕ್ಕು ಇರಬೇಕೆಂದು ಊಹಿಸುತ್ತೇನೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿಯೇ ಆಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದು ಹುಟ್ಟಿದ ಬಿಳಿಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಂಬ ಒಳಗೇ ಬಿರ್ರಾಗಿ ಕೂರುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಹಾಕಿದ ಸ್ಟೇನ್‌ಲೆಸ್ ಬೋಲ್ಟುಗಳಿಗೂ ಇದೇ ಗತಿ. ತುಕ್ಕು ಹಿಡಿಯದ ಬೋಲ್ಟು ತಾನೇ ಎಂದು ಗ್ರೀಸಿಲ್ಲದೆ ಹಾಕಿದವರು ಮೋಸಹೋಗುತ್ತಾರೆ. ಕಂಬದ ಬುಡಕ್ಕೆ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಎರಡು ಮೂರು ದಿನ ಬಿಡದೆ ಹಾಕಿ, ಸೀಟನ್ನು ಹಿಡಿದು ಅತ್ತಿತ್ತ ತಿರುಚುತ್ತ ಪ್ರಯತ್ನಿಸಿ, ಸುತ್ತಿಗೆಯಿಂದ ಮೇಲಿನಿಂದ ಹೊಡೆಯಬೇಡಿ. ಬಿಡಿಸಿದ ಮೇಲೆ ಒಳಗನ್ನು ಒರೆಸಿ, ಕಂಬಕ್ಕೆ ಪೂರ್ತಿ ಗ್ರೀಸ್ ಸವರಿ ಕೂರಿಸಿ. ಇನ್ನು ಮುಂದೆ ಮುಂಗಾರಿಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಹೊರತೆಗೆದು ಹೀಗೆಯೇ ಮಾಡಿ. ಕಂಬವೋ ಫ್ರೇಮೋ ಕಾರ್ಬನ್ನಿನದಾಗಿದ್ದರೆ ಮಾತ್ರ ಗ್ರೀಸ್ ಬಳಸದೆ, ಅದಕ್ಕೆಂದೇ ಸಿಗುವ ಮರಳುಮರಳಾದ ಪೇಸ್ಟನ್ನು ಹಚ್ಚಬೇಕು.

ಪ್ರಶ್ನೆ: ತಂದೆಯವರ ಹಳೆಯ ಸೈಕಲ್ಲಿಗೆ ಹೊಸ ರಿಮ್ಮು ತಂದು ನಾನೇ ಕಡ್ಡಿ ಕಟ್ಟಿದೆ. ಬೆಂಡ್ ತೆಗೆದು ನೇರ ಮಾಡಿದ್ದರೂ ಮೊದಲ ದಿನ ಹತ್ತಿ ಹೊರಟ ಕೂಡಲೇ ಟಣ್ ಟಣ್ ಎಂದು ಸದ್ದಾಗಿ ಚಕ್ರ ಮತ್ತೆ ಓರೆಯಾಯಿತು. ಕಡ್ಡಿಯ ತುದಿಯ ಪುಟ್ಟ ನಟ್ಟುಗಳಾದ ನಿಪ್ಪಲ್‌ಗಳು ಸಡಿಲವಾಗದಿರಲಿ ಎಂದು ಎಣ್ಣೆ ಹಾಕಿರಲಿಲ್ಲ. (ಗದಗ)

ಉತ್ತರ: ಎಣ್ಣೆ ಹಾಕದಿದ್ದುದೇ ಕಾರಣ. ಒಣ ನಿಪ್ಪಲನ್ನು ತಿರುಗಿಸಿದಾಗ ಅದು ಥ್ರೆಡ್‌ನ ಮೇಲೆ ಸರಿಯುವ ಬದಲು ಕಡ್ಡಿಯನ್ನೇ ಹಗ್ಗದಂತೆ ಹೊಸೆಯುತ್ತದೆ. ಚಕ್ರ ನೇರವಾದಂತೆ ಕಂಡಾಗ ಅರ್ಧದಷ್ಟು ಕಡ್ಡಿಗಳು ಹುರಿಗೊಂಡು ನಿಂತಿರುತ್ತವೆ, ನೀವು ಹತ್ತಿ ಕೂತ ಭಾರಕ್ಕೆ ಒಂದೊಂದಾಗಿ ಹುರಿ ಬಿಚ್ಚಿಕೊಳ್ಳುತ್ತವೆ. ನೀವು ಕೇಳಿದ ಸದ್ದು ಅದೇ. ನಮ್ಮ ಹಳೆಯ ದೊಡ್ಡ ಸೈಕಲ್‌ಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳಿರುವುದು ರೂಢಿ. ಅಷ್ಟರಲ್ಲಿ ಹತ್ತು ಹುರಿ ಬಿಚ್ಚಿದರೂ ಚಕ್ರ ಓರೆಯಾಗುತ್ತದೆ.

ಎಲ್ಲವನ್ನೂ ಸಡಿಲಿಸಿ ಮತ್ತೆ ಕಟ್ಟಿ. ಪ್ರತಿ ಕಡ್ಡಿಯ ಥ್ರೆಡ್ಡನ್ನು ಎಣ್ಣೆಯಲ್ಲಿ ಅದ್ದಿ, ನಿಪ್ಪಲ್‌ನ ತಲೆ ರಿಮ್ಮಿನ ರಂಧ್ರದಲ್ಲಿ ಕೂರುವ ಕಡೆಗೂ ಒಂದು ಹನಿ ಬಿಡಿ. ಇದಕ್ಕೆ ಹಿಂದಿನಿಂದಲೂ ಚಕ್ರ ಕಟ್ಟುವವರು ಬಳಸುತ್ತ ಬಂದಿರುವುದು ಅಗಸೆ ಎಣ್ಣೆಯನ್ನು. ಅಗಸಿ ಹಿಂಡಿ ಇಲ್ಲದ ಊಟವೇ ಅಪರೂಪವಾದ ನಿಮ್ಮ ಭಾಗದಲ್ಲಿ ಅದರ ಗುಣವನ್ನು ವಿವರಿಸಬೇಕಾಗಿಲ್ಲ, ಹಸಿಯಾಗಿದ್ದಾಗ ಜಾರುತ್ತದೆ, ಗಾಳಿಗೆ ಕೆಲವು ದಿನಗಳಲ್ಲಿ ಒಣಗಿ ತೆಳ್ಳನೆಯ ಅಂಟಿನಂತಾಗುತ್ತದೆ. ಕಟ್ಟುವಾಗ ಎಣ್ಣೆಯ ಕೆಲಸವನ್ನೂ ಕಟ್ಟಿದ ಮೇಲೆ ಮೆದುವಾದ ಅಂಟಿನ ಕೆಲಸವನ್ನೂ ಅದೊಂದೇ ಮಾಡುವುದರಿಂದ ನನಗೆ ಇದಕ್ಕಿಂತ ಒಪ್ಪುವ ವಸ್ತು ಇನ್ನೊಂದಿಲ್ಲ. ಬಣ್ಣದ ಅಂಗಡಿಯಲ್ಲಿ ಬೇಯಿಸಿದ ಲಿನ್‌ಸೀಡ್ ಎಣ್ಣೆ ಎಂದು ಕೇಳಿ, ಬೇಗ ಒಣಗುವುದು ಅದೇ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಎರಡು ಮಿಲಿಮೀಟರ್ ಕಡ್ಡಿಯಲ್ಲಿ ಇಂಚಿಗೆ 56 ಎಳೆಗಳಿರುತ್ತವೆ. ನಿಪ್ಪಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಕಡ್ಡಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಎಳೆಯಲ್ಪಡುತ್ತದೆ. ಆದ್ದರಿಂದ ಕೊನೆಕೊನೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಪ್ರತಿ ಸಲವೂ ಬೇಕಾದುದಕ್ಕಿಂತ ಚೂರು ಮುಂದೆ ಹೋಗಿ ಅಷ್ಟೇ ಹಿಂದಕ್ಕೆ ಬನ್ನಿ, ಹುರಿ ಅಲ್ಲಿಯೇ ಬಿಡುತ್ತದೆ. ಒಂದು ಸುತ್ತು ಮುಗಿದಾಗ ಪಕ್ಕಪಕ್ಕದ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಒಟ್ಟಿಗೆ ಹಿಡಿದು ಬಲವಾಗಿ ಹಿಂಡುತ್ತ ಚಕ್ರದ ಸುತ್ತಲೂ ಬನ್ನಿ. ಟಣ್ ಎನ್ನುವುದೇನಾದರೂ ಉಳಿದಿದ್ದರೆ ಅದು ಸ್ಟ್ಯಾಂಡಿನ ಮೇಲೆಯೇ ಎನ್ನಲಿ. ಆಮೇಲೆ ಬೆಂಡ್ ನೋಡಿ, ಎಣ್ಣೆ ಒಣಗುವ ಮೊದಲು ಅದೇ ದಿನ ಸರಿಪಡಿಸಿ ಮುಗಿಸಿ.